ಕೂಗಿದರೆ ಕೇಳುವಷ್ಟು ದೂರ

ಹುಬ್ಬಳ್ಳಿ,
ನೆರಳಿನ ಶಕೆ ೧೪೧, ಬೇಸಿಗೆಯ ಆರನೇ ತಿಂಗಳು

ಹೊಸಬಯಲು ಓಣಿಯ ಹಿರಿಯರಿಗೆ,

ನಿಮ್ಮ ಪಂಚಾಂಗದಲ್ಲಿ ಬೇಸಿಗೆಗೆ ಆರನೇ ತಿಂಗಳಿಲ್ಲ ಎಂದು ಬಲ್ಲೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಸೊಟ್ಟಗೆ ಕೇಳಿಸೀತು, ಮನ್ನಿಸಿ. ನಾನು ಸುಗಂಧಾ, ನಿಮ್ಮ ಓಣಿಯ ಕಸ ಗುಡಿಸುವ ದುರ್ಗವ್ವನ ಮಗಳ ವಂಶದವಳು, ನಿಮಗಿಂತ ಎಷ್ಟೋ ತಲೆಮಾರು ಆಮೇಲಿನವಳು. ಬರುವ ಸೋಮವಾರ ನಿಮ್ಮ ಶಾಲೆಯ ಪಡಸಾಲೆಯಲ್ಲಿ ಓಣಿಯ ಹೊಸ ನಕ್ಷೆಯ ಮೇಲೆ ಚರ್ಚೆಯಿದೆಯಲ್ಲ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಓಣಿಗಳಿಗೆ ಈಗ ಚಾವಣಿಯಿದೆ. ನಡುಹಗಲು ಎಲ್ಲರೂ ಮಲಗುತ್ತೇವೆ. ಅಂಗಡಿ, ಶಾಲೆ, ಮದುವೆ ಎಲ್ಲ ಹೊತ್ತು ಇಳಿದ ಮೇಲೆಯೇ. ಹಾರ್ನ್ ಎಂಬುದನ್ನು ನಾನು ಕೇಳಿಯೇ ಇಲ್ಲ. ಪ್ರತಿ ಮನೆಗೂ ಓಣಿಯ ಕಡೆಗೊಂದು ಕಿಟಕಿ ಇರಲೇಬೇಕು, ಏಕೆಂದರೆ ನಮ್ಮಲ್ಲಿ ‘ಕೂಗಳತೆ’ಯ ಕಟ್ಟಳೆಯಿದೆ. ಯಾವ ನಕ್ಷೆಗೂ ಒಪ್ಪಿಗೆ ಕೊಡುವ ಮುಂಚೆ ಆ ಜಾಗದಲ್ಲಿ ಒಬ್ಬರು ನಿಂತು ಕೂಗುತ್ತಾರೆ. ಕಸ ಒಯ್ಯುವವರು, ನೀರು ಬಿಡುವವರು, ದಾದಿಯರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಓಗೊಡಬೇಕು. ಓಗೊಡದಿದ್ದರೆ, ಅವರಿಗೂ ಅಲ್ಲೇ ಹತ್ತಿರ ಮನೆ ಕೊಡುವವರೆಗೆ ನಕ್ಷೆ ವಾಪಸ್. ಇದರಿಂದ ನಾವು ಬಹಳ ಸಂಭಾವಿತರಾಗಿಬಿಟ್ಟಿದ್ದೇವೆ ಎಂದು ತಿಳಿಯಬೇಡಿ. ಮೊನ್ನೆ ಕೂಗಿದವನಿಗೆ ನೆಗಡಿಯಾಗಿತ್ತು. ಆ ಕೂಗನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಸಭೆಯಲ್ಲಿ ಕೈ ಕೈ ಮಿಲಾಯಿಸುವುದೊಂದು ಬಾಕಿಯಿತ್ತು.

ಈ ಕಟ್ಟಳೆಯ ಮೂಲ ನಿಮ್ಮ ಸೋಮವಾರದ ಸಭೆಯಲ್ಲಿದೆ. ಆಟದ ಬಯಲಿನ ಮೂಲೆಯಲ್ಲಿ ಪೌರಕಾರ್ಮಿಕರಿಗೆ ಮನೆ ಕಟ್ಟಿಸಿ ಎಂದು ಕೇಳಲು ದುರ್ಗವ್ವ ಎದ್ದು ನಿಲ್ಲುತ್ತಾಳೆ. ಮುರಿಗೆಪ್ಪ ಮಾಸ್ತರರು ಒಳ್ಳೆಯ ಮನುಷ್ಯರು, ದಿನಾ ಬೆಳಿಗ್ಗೆ ಅವಳಿಗೆ ತಾವೇ ಚಹಾ ತಂದು ಕೊಡುವವರು. ಅವರು ನಗುತ್ತಲೇ ಹೇಳುತ್ತಾರೆ: “ಮನಿ ಕಟ್ಟಿಸಿ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ನಮ್ಮ ಓಣ್ಯಾಗ ಮಾತ್ರ ಬ್ಯಾಡ.” ನೀವೆಲ್ಲ ಅವರ ಮಾತಿಗೆ ಕೈ ಎತ್ತುತ್ತೀರಿ. ದುರ್ಗವ್ವ ಕೂತುಬಿಡುತ್ತಾಳೆ. ಅವಳಿಗೆ ಬೈಪಾಸಿನಾಚೆ ಎಲ್ಲೋ ಮನೆ ಸಿಗುತ್ತದೆ.

ಮುಂದೊಂದು ಬೇಸಿಗೆಯಲ್ಲಿ ಕರೆಂಟು, ಬಸ್ಸು, ಫೋನು ಎಲ್ಲ ನಿಂತುಹೋಗುತ್ತವೆ. ಅಕ್ಕಪಕ್ಕದವರು ತಂಪು ಹುಡುಕಿಕೊಂಡು ಊರು ಬಿಟ್ಟಿರುತ್ತಾರೆ. ಬಿದ್ದು ಕಾಲು ಮುರಿದುಕೊಂಡ ಮಾಸ್ತರರು ಕಿಟಕಿಯಿಂದ ಕೂಗುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ. ಓಣಿ ಏನಾಯಿತೋ ಎಂದು ಜೀವ ತಡೆಯದೆ ದುರ್ಗವ್ವ ಬಿಸಿಲಲ್ಲಿ ನಡೆದು ಬರುವಷ್ಟರಲ್ಲಿ ಅವರು ತೀರಿಕೊಂಡಿರುತ್ತಾರೆ. ಆ ಕಿಟಕಿಯ ಕೆಳಗೆ ಕೂತು ಅವಳು ಅಳುತ್ತಾ ಆಡಿದ ಮಾತೇ ನಮ್ಮ ಕಟ್ಟಳೆಯ ಮೊದಲ ಸಾಲು: “ಕೂಗಿದ್ರ ಕೇಳೂವಷ್ಟು ದೂರದಾಗ ಇದ್ದಿದ್ರ ಓಡಿ ಬರ್ತಿದ್ನಲ್ರಿ, ಸರ.”

ನನ್ನ ಬೇಡಿಕೆ ಇಷ್ಟೇ. ಸೋಮವಾರ ಅವಳು ಎದ್ದಾಗ ನಿಮ್ಮಲ್ಲಿ ಒಬ್ಬರಾದರೂ ಅವಳ ಪಕ್ಕದಲ್ಲಿ ಎದ್ದು ನಿಲ್ಲಿ. ಅವಳು ಕೂರದ ಹಾಗೆ ನೋಡಿಕೊಳ್ಳಿ.

ಒಂದು ಮಾತು ಮುಚ್ಚಿಡಬಾರದು. ದುರ್ಗವ್ವನ ಮಗಳು ಮದುವೆಯಾದದ್ದು ಬೈಪಾಸಿನಾಚೆಯ ನೆರೆಮನೆಯ ಹುಡುಗನನ್ನು. ನಮ್ಮ ಮನೆತನ ಬೆಳೆದದ್ದು ಅಲ್ಲಿಂದ. ಅವಳಿಗೆ ನಿಮ್ಮ ಓಣಿಯಲ್ಲೇ ಮನೆ ಸಿಕ್ಕರೆ ನಾನು ಹುಟ್ಟಲಿಕ್ಕಿಲ್ಲ. ಯೋಚಿಸಿ ನೋಡಿದೆ, ಹೆದರಿಕೆಯೂ ಆಯಿತು. ಅಡ್ಡಿಯಿಲ್ಲ. ಮಾಸ್ತರರು ಕೂಗಿದಾಗ ಕೆಳಗಿನಿಂದ ಯಾರಾದರೂ “ಬಂದೆ ರೀ” ಎನ್ನಲಿ.