ಪರವಾಗಿಲ್ಲ ಎನ್ನುವ ಊರು

ಮೇ ೪, ಶನಿವಾರ

ನನ್ನ ಅಂಪೈರ್ ಕೋಟಿಗೆ ಇಸ್ತ್ರಿ ಹಾಕಿದ್ದು ನಾನೇ. ಪ್ರತಿ ವರ್ಷ ನನ್ನ ಹೆಂಡತಿ ಬ್ರಯನಿ ಹಾಕುತ್ತಿದ್ದಳು. ಈ ಸಲ ಇಸ್ತ್ರಿಪೆಟ್ಟಿಗೆ ಎತ್ತಿ, ಹಾಗೇ ಕೆಳಗಿಟ್ಟಳು. ಏನಾಯಿತೆಂದು ಕೇಳಿದರೆ, "ಏನಿಲ್ಲ, ಸ್ವಲ್ಪ ಸೋಮಾರಿತನ." ಸೋಮಾರಿತನ! ಈ ಹೆಂಗಸಿಗೆ!

ಸೀಸನ್ನಿನ ಮೊದಲ ಮ್ಯಾಚು. ಸೋತೆವು. ಥರ್ಲೋ — ನಮ್ಮ ಕ್ಯಾಪ್ಟನ್, ಹಂದಿ ಸಾಕುವವನು — ಸೊನ್ನೆಗೆ ಔಟಾಗಿ ಹೋಗುತ್ತ, "ಅಷ್ಟೇನೂ ಕೆಟ್ಟ ಬಾಲಲ್ಲ" ಎಂದ. ಅಂದರೆ ಹೊಟ್ಟೆ ಧಗಧಗ ಉರಿಯುತ್ತಿದೆ ಎಂದರ್ಥ. ಮೂವತ್ತು ವರ್ಷ ಇಂಗ್ಲೆಂಡಿನ ಈ ಸಫೋಕಿನಲ್ಲಿದ್ದು ಇಷ್ಟು ಕಲಿತಿದ್ದೇನೆ. ಅಮೆರಿಕದಲ್ಲಿ, ನೆಬ್ರಾಸ್ಕದ ನಮ್ಮೂರಲ್ಲಾಗಿದ್ದರೆ ಬ್ಯಾಟು ಬೇಲಿ ದಾಟಿರುತ್ತಿತ್ತು.

ಸ್ಕೋರರ್ ಗೂಡಿನಲ್ಲಿ ಬ್ರಯನಿ. ನಾನು ಸಿಗ್ನಲ್ ಕೊಡುವುದು, ಅವಳು ಅಲ್ಲಿಂದ ಕೈ ಎತ್ತುವುದು. ಅವಳು ಕೈ ಎತ್ತುವವರೆಗೆ ಮುಂದಿನ ಬಾಲು ಹಾಕಿಸುವಂತಿಲ್ಲ — ಇದು ನಿಯಮ. ನಮ್ಮ ಸಂಸಾರವೂ ಹಾಗೇ ಎಂದು ಊರವರ ತಮಾಷೆ. ಇಲ್ಲಿನ ಅಮೆರಿಕದ ವಾಯುನೆಲೆಗೆ ಮೆಕ್ಯಾನಿಕ್ ಆಗಿ ಬಂದವನು ನಾನು. ಬೇಸ್‌ಬಾಲ್ ಸ್ಕೋರು ಬರೆಯುವುದನ್ನು ಅಪ್ಪನಿಂದ ಕಲಿತಿದ್ದೆ. ಇವಳು ಕ್ರಿಕೆಟ್ಟಿನದನ್ನು ತನ್ನ ಅಪ್ಪನಿಂದ. ಮೊದಲ ಭೇಟಿಯಲ್ಲಿ ಪ್ರೇಮದ ಮಾತೇ ಇಲ್ಲ. ಪಬ್ಬಿನ ಕಾಗದದ ನ್ಯಾಪ್ಕಿನ್ ಮೇಲೆ ಒಬ್ಬರಿಗೊಬ್ಬರು ಸ್ಕೋರು ಕಲಿಸಿದೆವು. ಈಗ ಎರಡರಲ್ಲೂ ಅವಳೇ ಗಟ್ಟಿ.

ಚಹಾದ ಹೊತ್ತಿಗೆ ಸ್ಯಾಂಡ್‌ವಿಚ್ ತಿನ್ನಲಿಲ್ಲ. ಮೆಲ್ಲಗೆ ನಾಯಿಗೆ ಹಾಕಿದಳು. ನಾನು ನೋಡಿದೆ.

ಮೇ ೯, ಗುರುವಾರ

ಡಾಕ್ಟರ ಹತ್ತಿರ ಹೋದೆವು. ನನ್ನನ್ನು ಒಳಗೆ ಬಿಟ್ಟುಕೊಂಡಳು, ಒಂದು ಷರತ್ತಿನ ಮೇಲೆ — ಬಾಯಿ ಬಿಡಬಾರದು. ಹೋದ ವರ್ಷ ನಾನು ರಿಸೆಪ್ಷನ್ನಿನಲ್ಲಿ ಕೂಗಾಡಿದ್ದಕ್ಕೆ ಅವಳು ನಾಚಿಕೆಯಿಂದ ವಾರವಿಡೀ ಬೇಕರಿ ಕಡೆ ಹೋಗಿರಲಿಲ್ಲ.

ಡಾಕ್ಟರ್ ಆಷ್‌ಡೌನ್ ಒಳ್ಳೆಯ ಹುಡುಗ. ಪುರಸೊತ್ತಿಲ್ಲದವನು.

"ಹೇಗಿದ್ದೀರಾ?"

"ಚೆನ್ನಾಗಿದ್ದೀನಿ ಡಾಕ್ಟ್ರೇ. ನಿಮಗೆ ಸುಮ್ನೆ ತೊಂದ್ರೆ. ಹೊಟ್ಟೇಲಿ ಸ್ವಲ್ಪ ಕಿರಿಕಿರಿ, ಅಷ್ಟೇ."

"ನೋವು ಜಾಸ್ತಿನಾ?"

"ಹಾಗೇನಿಲ್ಲ. ಪರವಾಗಿಲ್ಲ."

"ನಿದ್ದೆ ಬರುತ್ತಾ?"

"ಬರುತ್ತೆ, ಬರುತ್ತೆ."

ಬರುತ್ತದಂತೆ! ಬಚ್ಚಲಲ್ಲಿ ಟವೆಲ್ ಕಚ್ಚಿಕೊಂಡು ಕೂರುತ್ತಾಳೆ, ನನಗೆ ಕೇಳಿಸಬಾರದೆಂದು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಅಸಿಡಿಟಿ ಮಾತ್ರೆ ಬರೆದುಕೊಟ್ಟ. ಅವಳು ಬಾಗಿಲವರೆಗೂ ಥ್ಯಾಂಕ್ಸ್ ಹೇಳುತ್ತಲೇ ಬಂದಳು.

ಕಾರಿನಲ್ಲಿ ಕೇಳಿದೆ. "ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ."

"ಕಿರಿಕಿರಿ ಅಂದೆ!"

"ಇಂಗ್ಲಿಷ್ ಡಾಕ್ಟ್ರು ಕಣೋ. ಅವನಿಗೆ ಅರ್ಥ ಆಗುತ್ತೆ."

ಆಗಲಿಲ್ಲ. ಹೊಸ ತಲೆಮಾರಿನವನು. ಹೇಳಿದ್ದನ್ನು ಹಾಗೇ ಕಂಪ್ಯೂಟರಿಗೆ ಒತ್ತುತ್ತಿದ್ದ.

ಮೇ ೧೪, ಮಂಗಳವಾರ

ಅವಳು ಲೈಬ್ರರಿಗೆ ಹೋಗಿದ್ದಾಗ ಡಾಕ್ಟರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಟವೆಲ್ಲು, ಸೊಂಟದಲ್ಲಿ ನಿಲ್ಲದ ಸ್ಕರ್ಟು, ನಾಯಿಯ ಪಾಲಾಗುವ ಊಟ. "ನನ್ನ ಹೆಂಡ್ತಿ ಸಾಯ್ತಿದ್ದಾಳೆ ಡಾಕ್ಟ್ರೇ" ಎಂದೂ ಅಂದೆ. ಹಾಗನ್ನಬಾರದಿತ್ತೇನೋ... "ಇನ್ನೊಂದ್ಸಲ ಕರೆಸ್ತೀನಿ" ಎಂದ.

ಮೇ ೧೭, ಶುಕ್ರವಾರ

ಕರೆಸಿದ. ಯಾರು ಚಾಡಿ ಹೇಳಿದ್ದೆಂದು ಅವಳಿಗೆ ತಕ್ಷಣ ತಿಳಿಯಿತು. ನನ್ನ ಕಡೆ ತಿರುಗಲಿಲ್ಲ. ನಗುತ್ತಲೇ ಶುರುಮಾಡಿದಳು.

"ನಮ್ಮನೆಯವ್ರು ಅಮೆರಿಕದೋರು ಡಾಕ್ಟ್ರೇ. ಸೀನು ಬಂದ್ರೂ ಭೂಕಂಪ ಅಂತಾರೆ. ಹೋದ ಚಳಿಗಾಲ ಬರೀ ನೆಗಡಿಗೆ ಉಯಿಲು ಬರೆಯೋಕೆ ಕೂತಿದ್ರು."

ಡಾಕ್ಟರ್ ನಕ್ಕ. ನಾನೂ ನಕ್ಕೆ. ದೇವರಾಣೆ, ನಾನೂ ನಕ್ಕೆ! ನೆಗಡಿಯ ಕಥೆ ನಿಜ.

"ಇಲ್ಲ ಡಾಕ್ಟ್ರೇ, ಇದು ಬೇರೆ—" ಎಂದೆ. ದನಿ ಏರಿತು. ಅಲ್ಲಿಗೆ ಕೆಟ್ಟಿತು. ನನ್ನ ದನಿ ಏರಿದಷ್ಟೂ ಮಾತಿನ ಬೆಲೆ ಇಳಿಯುತ್ತದೆ ಈ ದೇಶದಲ್ಲಿ. ಅವಳು ಒಂದಕ್ಕೆ ಅರ್ಧ ಹೇಳುತ್ತಾಳೆ, ನಾನು ಒಂದಕ್ಕೆ ಹತ್ತು ಹೇಳುತ್ತೇನೆ. ಆ ಹುಡುಗ ತಾನೇ ಏನು ಮಾಡಿಯಾನು? ಸ್ಕ್ಯಾನಿಗೆ ಹೆಸರು ಬರೆದ — ಮಾಮೂಲು ಸಾಲಿನಲ್ಲಿ. ಅರ್ಜೆಂಟ್ ಅಲ್ಲ. ಮನೆಗೆ ಬಂದು ಅವಳ ತಟ್ಟೆ ಅವಳು, ನನ್ನ ತಟ್ಟೆ ನಾನು ತೊಳೆದುಕೊಂಡೆವು.

ಜೂನ್ ೮, ಶನಿವಾರ. ಆಸ್ಪತ್ರೆ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಜಗಳ ಮುಂದುವರಿಸಿದಂತೆ ಅನಿಸುತ್ತಿತ್ತು.

ಇವತ್ತಿನ ಮ್ಯಾಚಿಗೆ ಎದುರು ತಂಡದವರು ತಮ್ಮ ಸ್ಕೋರರ್‌ನನ್ನು ಕರೆತಂದಿರಲಿಲ್ಲ. ಗೂಡಿನಲ್ಲಿ ಇವಳೊಬ್ಬಳೇ. ಅವರ ಎಡಗೈ ಬ್ಯಾಟ್ಸ್‌ಮನ್ ಫೋರ್ ಹೊಡೆದ. ಕೈ ಬೀಸಿ ಸಿಗ್ನಲ್ ಕೊಟ್ಟೆ. ಗೂಡಿನಿಂದ ಕೈ ಮೇಲೇಳಲಿಲ್ಲ. ಮತ್ತೆ ಬೀಸಿದೆ. ಬೌಲರ್ ಪ್ಯಾಂಟಿಗೆ ಚೆಂಡು ಉಜ್ಜುತ್ತ ನಿಂತ. ನಿಯಮದ ಪ್ರಕಾರ ಕಾಯಬೇಕು. ಕಾದೆ. ಯಾಕೆ ಕಾದೆ? ಓಡಬೇಕಿತ್ತು! ಇನ್ನೊಮ್ಮೆ ಬೀಸಿದೆ, ಹುಚ್ಚನ ಹಾಗೆ. ಆಮೇಲೆ ಓಡಿದೆ.

ಮೇಜಿನ ಮೇಲೆ ಒರಗಿದ್ದಳು. ಮುಖ ಸುಣ್ಣ.

"ಸಾರಿ... ಆಟ ನಿಲ್ಲಿಸಿಬಿಟ್ನಾ? ಫೋರಾ, ಸಿಕ್ಸಾ?"

"ಫೋರು."

ಬರೆದುಕೊಂಡಳು. ಬರೆದ ಮೇಲೆಯೇ ಎಚ್ಚರ ತಪ್ಪಿದಳು.

ಆಂಬುಲೆನ್ಸಿಗೆ ಕಾಯದೆ ಥರ್ಲೋ ತನ್ನ ವ್ಯಾನಿನಲ್ಲೇ ಕರೆತಂದ. ದಾರಿಯುದ್ದಕ್ಕೂ ಅವನದು ಒಂದೇ ಮಾತು — "ಬಿಸಿಲು ಚೆನ್ನಾಗಿದೆ ಇವತ್ತು." ಒಂದು ಕೆಂಪು ದೀಪಕ್ಕೂ ವ್ಯಾನು ನಿಲ್ಲಿಸಲಿಲ್ಲ.

ಜೂನ್ ೧೨, ಬುಧವಾರ

ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಲಿವರಿಗೂ ಹರಡಿದೆ. ಆಪರೇಷನ್ ಮಾಡುವಂತಿಲ್ಲ. ಬೇಸಿಗೆ ಕಳೆಯುವುದೂ ಅನುಮಾನ.

"ಒಂದು ತಿಂಗಳು ಮುಂಚೆ ಬಂದಿದ್ರೆ?" ಕೇಳಿದೆ.

"ಹೇಳೋಕಾಗಲ್ಲ" ಎಂದರು ದೊಡ್ಡ ಡಾಕ್ಟರಮ್ಮ.

ಬ್ರಯನಿ ಅವರ ಕೈ ಹಿಡಿದುಕೊಂಡಳು. "ಪಾಪ, ಇಂಥದ್ದು ಹೇಳೋದು ನಿಮಗೂ ಕಷ್ಟಾನೇ." ಅವರನ್ನೇ ಸಮಾಧಾನ ಮಾಡುತ್ತಾಳೆ! ನಾನು ಎದ್ದು ಕಾರಿಡಾರಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದಳು. "ಎರಡು... ಎರಡೂವರೆ ಅನ್ನಿ." ಹಿಂದೆ ನಿಂತು ನಾನು ಹತ್ತೂ ಬೆರಳು ತೋರಿಸಿದೆ. ಯಾರನ್ನು ನಂಬಬೇಕೋ ತಿಳಿಯದೆ ನರ್ಸ್ ಐದು ಎಂದು ಬರೆದುಕೊಂಡಳು. ಐದರಷ್ಟೇ ಔಷಧಿ ಬಂತು.

ಜೂನ್ ೨೩, ಭಾನುವಾರ

ಮನೆಗೆ ಕರೆತಂದು ವಾರವಾಯಿತು. ಒಬ್ಬರೂ ಬಂದಿಲ್ಲ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅಡಿಗೆಮನೆ ತುಂಬ ಹೆಂಗಸರು, ಅಳು, ಅಪ್ಪುಗೆ, ಇಡಲು ಜಾಗವಿಲ್ಲದಷ್ಟು ಊಟ. ಇಲ್ಲಿ ಬೆಳಿಗ್ಗೆ ಎದ್ದರೆ ಮೆಟ್ಟಿಲ ಮೇಲೆ ಸ್ಟ್ರಾಬೆರಿ ಬುಟ್ಟಿ. ಹೆಸರಿಲ್ಲ. ನಾವು ಆಸ್ಪತ್ರೆಯಲ್ಲಿದ್ದಾಗ ಯಾರೋ ನಮ್ಮ ಅಂಗಳದ ಹುಲ್ಲು ಕತ್ತರಿಸಿ ಹೋಗಿದ್ದಾರೆ — ಕಳ್ಳರ ಹಾಗೆ.

ನಿನ್ನೆ ಅಂಚೆ ಕಚೇರಿಯಲ್ಲಿ ಥರ್ಲೋನನ್ನು ಹಿಡಿದೆ.

"ಯಾಕಯ್ಯಾ ಯಾರೂ ಬರಲ್ಲ?"

"ನಿಮಗೆ ತೊಂದ್ರೆ ಆಗಬಾರ್ದು ಅಂತ..."

"ತೊಂದ್ರೆ ಬೇಕು ಕಣಯ್ಯಾ ನನಗೆ! ಬಂದು ತೊಂದ್ರೆ ಕೊಡು!"

ಕಿವಿಯವರೆಗೆ ಕೆಂಪಾದ. ಸಾಲಿನಲ್ಲಿದ್ದವರೆಲ್ಲ ಸ್ಟ್ಯಾಂಪು ನೋಡತೊಡಗಿದರು. "ಬರ್ತೀನಿ, ಯಾವತ್ತಾದ್ರೂ" ಎಂದ. ಬರುವುದಿಲ್ಲ ಎಂದರ್ಥ.

ಜುಲೈ ೪, ಗುರುವಾರ

ಅಮೆರಿಕ ಇಂಗ್ಲೆಂಡಿನಿಂದ ಸ್ವತಂತ್ರವಾದ ದಿನ. ಪ್ರತಿ ವರ್ಷ ಇವತ್ತು ಬ್ರಯನಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, "ನೀವೆಲ್ಲ ನಮ್ಮನ್ನ ಬಿಟ್ಟು ಹೋದ ದಿನ" ಎಂದು ಶೋಕದ ಮುಖ ಮಾಡುತ್ತಿದ್ದಳು. ನಾನು ಅಂಗಳದಲ್ಲಿ ಮಾಂಸ ಸುಡುತ್ತಿದ್ದೆ. ಹೊಗೆ ಬಂತೆಂದು ಬಯ್ಯುತ್ತ ಎರಡು ತಟ್ಟೆ ತಿನ್ನುತ್ತಿದ್ದಳು.

ಇವತ್ತು ರೇಡಿಯೋದಲ್ಲಿ ಬೇಸ್‌ಬಾಲ್ ಹಾಕಿದೆ. ಸ್ವಲ್ಪ ಕೇಳಿಸಿಕೊಂಡಳು. ಆಮೇಲೆ ನನ್ನ ತೋಳು ಹಿಡಿದಳು.

"ವೆಂಡೆಲ್, ನೋವು... ಜಾಸ್ತಿನೇ ಇದೆ ಕಣೋ."

ಮೂವತ್ತು ವರ್ಷದಲ್ಲಿ ಈ ಮಾತು ಕೇಳಿರಲಿಲ್ಲ. ಹೇಳು, ಬಾಯಿ ಬಿಟ್ಟು ಹೇಳು ಎಂದು ಬೇಡಿಕೊಂಡವನು ನಾನೇ. ಈಗ ಹೇಳಿದಳು. ನರ್ಸಿಗೆ ಫೋನು ಮಾಡಿದೆ. ಬಂದು ಇಂಜೆಕ್ಷನ್ ಕೊಟ್ಟು ಹೋದಳು.

ಜುಲೈ ೭, ಭಾನುವಾರ, ಸಂಜೆ

ನೆಬ್ರಾಸ್ಕದಿಂದ ಅಕ್ಕ ಡಾರ್ಲೀನ್ ಫೋನು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಅಕ್ಕನದು ಕಡ್ಡಿ ಮುರಿದಂತೆ ಮಾತು.

"ನೇರವಾಗಿ ಕೇಳ್ತೀನಿ ಕಣೋ. ನಾನು ಬರ್ಲಾ? ಸೂಟ್‌ಕೇಸ್ ತುಂಬಿಟ್ಟಿದ್ದೀನಿ. ಬಾ ಅನ್ನು, ನಾಳೇನೇ ವಿಮಾನ ಹತ್ತುತ್ತೀನಿ."

ಹೇಳಬೇಕೆಂದಿದ್ದದ್ದು ಇದು. ಬಾ ಅಕ್ಕ. ನನ್ನ ಕೈಲಾಗುತ್ತಿಲ್ಲ. ಅವಳನ್ನು ಎತ್ತಿ ಕೂರಿಸಲೂ ಭಯ. ಯಾರಾದರೂ ಈ ಮನೆಯಲ್ಲಿ ಗಟ್ಟಿಯಾಗಿ ಅಳಬೇಕು. ಬಾ.

ಬಾಯಿಂದ ಬಂದದ್ದು — "ಅಯ್ಯೋ, ಅಷ್ಟು ದೂರದಿಂದ ನಿನಗ್ಯಾಕೆ ತೊಂದ್ರೆ. ಹೇಗೋ ನಡೀತಿದೆ. ಪರವಾಗಿಲ್ಲ."

ಥರ್ಲೋಗೆ ಹೀಗೆ ಹೇಳಿದ್ದರೆ ತಿಳಿಯುತ್ತಿತ್ತು. ಬ್ರಯನಿಗಂತೂ ಪೂರ್ತಿ ತಿಳಿಯುತ್ತಿತ್ತು. ಅಕ್ಕ ಅಮೆರಿಕದವಳು.

"ನಿಜ ತಾನೆ?"

"ನಿಜ."

"ಸದ್ಯ! ನೀನೇ ಹಾಗಂದ ಮೇಲೆ ಸರಿ ಬಿಡು. ಚಿಕ್ಕಂದಿನಿಂದ ನೀನು ಯಾವತ್ತೂ ಮುಚ್ಚಿಟ್ಟೋನಲ್ಲ. ಬಟ್ಟೆ ಎಲ್ಲ ತೆಗೆದಿಡ್ತೀನಿ ಹಾಗಾದ್ರೆ."

ಫೋನಿಟ್ಟಳು. ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಮತ್ತೆ ಮಾಡಿದೆ. ತಕ್ಷಣ ಎತ್ತಿದಳು.

"ಏನೋ?"

"ನೀನು ಕಳಿಸಿದ ಸ್ವೆಟರ್ ಅಳತೆ ಸರಿಯಾಗಿದೆ. ಹೇಳೋಕೆ ಮರ್ತಿದ್ದೆ."

ಜುಲೈ ತಿಂಗಳಲ್ಲಿ ಸ್ವೆಟರ್! ಅಕ್ಕ ಜೋರಾಗಿ ನಕ್ಕಳು. ಅವಳಿಗೆ ಸಮಾಧಾನವಾಗಿದೆ.

ಮೇಲಿನಿಂದ ಬ್ರಯನಿ ಕರೆಯುತ್ತಿದ್ದಾಳೆ. ಹೀಗೆ ಕರೆಯುವವಳಲ್ಲ ಅವಳು. ಹೋಗುತ್ತೇನೆ. ಇಳಿದು ಬಂದವನೇ ಅಕ್ಕನಿಗೆ ಇನ್ನೊಮ್ಮೆ ಫೋನು ಮಾಡಿ, ಬಾ ಅಕ್ಕ ಎಂದು—