ಅಕ್ಕ ಆಡಿಸಿದ ಡಾಕ್ಟರ್ ಆಟ

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಅಲ್ಲೂ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತೀಯಾ? ನಾನು ಗಟ್ಟಿಮುಟ್ಟಾಗಿದ್ದೇನೆ. ಅಕ್ಕನ ಮಗಳು ಪರದೇಶಕ್ಕೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ವಿದ್ಯೆ ಕಲಿಯುತ್ತಿದ್ದಾಳೆ ಎಂದು ಪ್ಯಾಂಟು ಗಿಡ್ಡ ಮಾಡಿಸಲು ಬಂದವರಿಗೂ ಹೇಳಿಯೇ ಕಳಿಸುತ್ತೇನೆ. ನಿನ್ನ ಆರು ವಾರದ ಕೋರ್ಸು ನನ್ನ ಬಾಯಲ್ಲಿ ಈಗ ಆರು ತಿಂಗಳಾಗಿದೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳಿ ನನ್ನ ಮರ್ಯಾದೆ ಉಳಿಸು.

ಫೋನಿನಲ್ಲಿ ಹೇಳಲಾಗದ್ದಕ್ಕೆ ಈ ಕಾಗದ. ಮುಂದಿನ ಕೋಣೆಯೇ ನನ್ನ ಅಂಗಡಿ; ಅಲ್ಲಿ ಪಿಸುಗುಟ್ಟಿದರೂ ಅಕ್ಕನಿಗೆ ಕೇಳುತ್ತದೆ. ಬೀದಿಗೆ ಹೋಗಿ ಮಾತಾಡೋಣವೆಂದರೆ ನಿಂತವರೆಲ್ಲ ಕಿವಿಗೊಡುತ್ತಾರೆ. ಔಷಧಿ ಅಂಗಡಿಯವರು ಮಗಳನ್ನು ನೋಡಲು ನಾಳೆ ನೀನಿರುವ ಊರಿಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನಮ್ಮನಿಗೆ ವಾಸಿಯಾಗುತ್ತಿಲ್ಲ ಗುಬ್ಬಿ. ನೀನು ವಿಮಾನ ಹತ್ತಿದ ಮರುವಾರ ದೊಡ್ಡ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಬಾಗಿಲು ಹಾಕಿ, ರೋಗ ಲಿವರಿಗೂ ಹರಡಿದೆ, ಇನ್ನು ಔಷಧಿ ನಾಟುವುದಿಲ್ಲ ಎಂದರು. ಬೀದಿಗೆಲ್ಲ ಕೇಳುವಂತೆ ಮಾತಾಡುವ ನಾನು ಅದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಅಕ್ಕನಿಗೂ ಹೇಳಲಿಲ್ಲ. ಅವಳು ಮಲಗಿದ್ದಾಗ ಅವಳ ಬಟ್ಟೆಗಳನ್ನು ಒಳಗೆ ಹಿಡಿದು ಹೊಲಿದು, ಇದ್ದ ಹಾಗೇ ಮಡಚಿಡುತ್ತಿದ್ದೆ. ಮೈಗೆ ಸಡಿಲವಾಗದಿದ್ದರೆ ಸೊರಗಿದ್ದು ತಿಳಿಯುವುದಿಲ್ಲ ಎಂದುಕೊಂಡೆ. ನನ್ನ ಹೊಲಿಗೆ ಯಾರ ಕಣ್ಣಿಗೂ ಬೀಳದೆಂಬ ಜಂಬ ನನಗೆ.

ನಿಮ್ಮ ತರಗತಿಯಲ್ಲಿ ದುಡ್ಡಿಗೆ ಬಂದವರು ರೋಗಿಗಳ ವೇಷ ಹಾಕುತ್ತಾರೆ, ನೀವು ಅವರೆದುರು ಕುರ್ಚಿ ಎಳೆದುಕೊಂಡು ಕೂತು ಕೆಟ್ಟ ಸುದ್ದಿ ಹೇಳುವುದನ್ನು ಅಭ್ಯಾಸ ಮಾಡುತ್ತೀರಿ ಎಂದು ಹೋದ ವಾರ ಹೇಳಿದೆಯಲ್ಲ, ಅಕ್ಕ ಕೆಮ್ಮು ಬರುವಷ್ಟು ನಕ್ಕಳು. ಫೋನಿಟ್ಟ ಮೇಲೆ, "ನೀನು ಡಾಕ್ಟ್ರಾಗೋ, ನಾನು ರೋಗಿ" ಅಂದಳು. ವೇಷವೆಂದರೆ ನನಗೆ ಎರಡು ಸಲ ಹೇಳಬೇಕೇ? ಕತ್ತಿನಲ್ಲಿದ್ದ ಅಳತೆ ಟೇಪನ್ನು ಕಿವಿಗೆ ಸಿಕ್ಕಿಸಿಕೊಂಡು, ಹೊಲಿಗೆ ಮೆಷಿನ್ನಿನ ಸ್ಟೂಲು ಎಳೆದು ಕೂತೆ. "ಏನಮ್ಮ, ತಮ್ಮನ ಕಾಟವೇ?" ಅಂದೆ. "ಅದು ಅವ್ನು ಹುಟ್ಟಿದಾಗಿಂದ ಇದೆ ಡಾಕ್ಟ್ರೇ, ಅದಕ್ಕೆ ಮದ್ದಿಲ್ಲ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅದೇ ನಗುಮುಖದಲ್ಲಿ, "ನಮ್ಮನೆ ಟೈಲರು ಕದ್ದು ಕದ್ದು ನನ್ನ ಬಟ್ಟೆ ಚಿಕ್ಕದು ಮಾಡ್ತಾನೆ. ಅವನನ್ನ ಕೇಳಿದ್ರೆ ಅತ್ಬಿಡ್ತಾನೆ. ನೀವೇ ಹೇಳಿ, ಇನ್ನೆಷ್ಟು ದಿನ?" ಅಂದಳು.

ಟೇಪು ತೆಗೆಯಲು ಹೋದೆ. ಕೈ ಹಿಡಿದುಕೊಂಡು, "ತೆಗೀಬೇಡ, ಡಾಕ್ಟ್ರಾಗೇ ಹೇಳು" ಅಂದಳು. ಹೇಳಿದೆ. ತಿಂಗಳು ದಾಟುವುದು ಕಷ್ಟ ಕಣಮ್ಮ ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಿಮ್ಮ ಮೇಷ್ಟ್ರು ಕಲಿಸಿರುತ್ತಾರೆ. ನನಗೆ ಗೊತ್ತಿರಲಿಲ್ಲ, ಪಾದ ಒತ್ತುತ್ತಾ ಕೂತೆ. ಸಂಜೆ ಎದ್ದು ಅರ್ಧ ಲೋಟ ಹಾಲು ಕುಡಿದಳು. ಆಟದ ಮಾತನ್ನು ಆಮೇಲೆ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ನಿನ್ನ ಜೊತೆ ಓದುವವರಿಗೆಲ್ಲ ಪರದೇಶ ಕಾಣದ ಈ ಮಾವನ ನಮಸ್ಕಾರ ತಿಳಿಸು. ದೇವರು ನಿನಗೆ ನನ್ನಷ್ಟು ಬಾಯಿ, ನಿನ್ನಮ್ಮನಷ್ಟು ಧೈರ್ಯ ಕೊಡಲಿ.

ನಿನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ,
ಮಾವ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕ ಒಳಗಿನಿಂದ, "ಅವಳಿಗೇ ತಾನೇ ಬರೀತಿರೋದು? ಪರೀಕ್ಷೆ ಮುಗಿಸ್ಕೊಂಡೇ ಬರ್ಲಿ ಅಂತ ಬರಿ" ಅಂದಳು. ಬರೆದಿದ್ದೇನೆ. ಅದು ಅವಳ ಮಾತು. ನನ್ನದು ಬೇರೆ. ಪರೀಕ್ಷೆಗೆ ಕೂರಬೇಡ, ಹೊರಟು ಬಾ.