ಕೊಟ್ಟಿಗೆಯ ಕ್ಯಾನಿನಲ್ಲಿರುವ ನಮ್ಮಕ್ಕನ ರಕ್ತಕಣಗಳ ವಿಚಾರ

ಸಂಶೋಧನೆಗೆ ಹಣ ಮಂಜೂರು ಮಾಡುವ ಮಾನ್ಯ ಕಾರ್ಯದರ್ಶಿಗಳೇ,

ಚಳಿಯ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವನು ಈ ಭೂಮಿಯ ಮೇಲೆ ಹುಟ್ಟಿಲ್ಲ. ಧ್ರುವದ ಕರಡಿಗಳೂ ಅನುಮಾನ ಬಂದರೆ ನನ್ನನ್ನು ಕೇಳಿಯೇ ಹೆಜ್ಜೆ ಇಡುತ್ತವೆ. ಆದ್ದರಿಂದ ನಾನು ಹೇಳುವುದನ್ನು ಸುಮ್ಮನೆ ಒಪ್ಪಿಕೊಳ್ಳಿ. ಕ್ಷಯದ ಲಸಿಕೆ ಹುಡುಕುವ ಪ್ರಯೋಗಾಲಯಕ್ಕೆ ತಾವು ದ್ರವ ಸಾರಜನಕ, ಅಂದರೆ ನಾವು ನೈಟ್ರೋಜನ್ ಅನ್ನುವುದನ್ನು, ನಿಲ್ಲಿಸಿದ್ದೀರಿ. ಅಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ನಮ್ಮಕ್ಕನ ರಕ್ತಕಣಗಳು ಈಗ ನನ್ನ ದನದ ಕೊಟ್ಟಿಗೆಯಲ್ಲಿ, ಹೋರಿಯ ವೀರ್ಯ ಇಡುವ ಕ್ಯಾನಿನಲ್ಲಿ, ಸಾಯಲು ಕಾಯುತ್ತಿವೆ.

ನಾನು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು. ಜನ ಕರೆಯುವುದು ‘ಹೋರಿ ಡಾಕ್ಟ್ರು’ ಅಂತ. ನಿಮ್ಮಲ್ಲಿ ಎಷ್ಟು ಜನ ಡಾಕ್ಟರುಗಳಿಗೆ ಜನರೇ ಪದವಿ ಕೊಟ್ಟಿದ್ದಾರೆ, ಹೇಳಿ ನೋಡೋಣ?

ನಮ್ಮ ಭಾವ ಕ್ಷಯದಿಂದ ಹೋದರು. ಒಂದೇ ಕೋಣೆಯ ಮನೆ, ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಎರಡು ವರ್ಷ ಅವರು ಕೆಮ್ಮಿದಾಗಲೆಲ್ಲ ಬೆನ್ನು ನೀವಿದವಳು ಅಕ್ಕ. ಅವಳಿಗೆ ಏನೂ ಆಗಲಿಲ್ಲ. ತೋಳಿಗೆ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿದರೆ ಸೊಳ್ಳೆ ಕಚ್ಚಿದಷ್ಟೂ ಊದಲಿಲ್ಲ. ಉಕ್ಕಿನ ದೇಹದವನಾದ ನಾನು ನಾಲ್ಕಾರು ಸಲ ನೋಡಲು ಹೋಗಿ ಬಂದಿದ್ದಕ್ಕೇ ಆರು ತಿಂಗಳು ಮಾತ್ರೆ ನುಂಗಬೇಕಾಯಿತು!

ಅಕ್ಕನ ಮಗಳು ಓದಿ ಅದೇ ಕ್ಷಯದ ಪ್ರಯೋಗಾಲಯ ಸೇರಿದಳು. ಅಕ್ಕನಂಥ ನೂರಾರು ಜನರ ಜೊತೆ ಅಕ್ಕನ ರಕ್ತವನ್ನೂ ತೆಗೆದಿಟ್ಟರು. ಯಾಕೆ ಅಂತ ಒಂದು ದಿನ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು.

‘ಕ್ರಿಮಿ ಶ್ವಾಸಕೋಶಕ್ಕೆ ಇಳಿದ ಕೂಡಲೇ ಒಂದು ದೊಡ್ಡ ಕಣ ಬಂದು ಅದನ್ನ ನುಂಗುತ್ತೆ ಮಾವ. ಆದ್ರೆ ಅರಗಿಸಿಕೊಳ್ಳೋಕೆ ಆಗಲ್ಲ. ಕ್ರಿಮಿ ಅದರ ಹೊಟ್ಟೆಯಲ್ಲೇ ಆರಾಮಾಗಿ ಇದ್ದುಬಿಡುತ್ತೆ.’

‘ಮನೆಅಳಿಯನ ಹಾಗೆ.’

‘ಹೂಂ, ನಿನ್ನ ಹಾಗೆ. ಆಗ ಟಿ ಕಣಗಳು ಅಂತ ರಕ್ತದ ಕಾವಲು ಕಣಗಳು ಬಂದು, ಏಳು, ಕೊಲ್ಲು ಅಂತ ಆ ದೊಡ್ಡ ಕಣಕ್ಕೆ ಕೂಗಿ ಹೇಳಬೇಕು. ನಮ್ಮ ಪರೀಕ್ಷೆಗಳು ಆ ಕೂಗನ್ನೇ ಹುಡುಕೋದು. ಅಮ್ಮನ ಕಣಗಳು ಆ ಕೂಗು ಹಾಕಲ್ಲ. ಅದಕ್ಕೇ ಪರೀಕ್ಷೆ, ಈಕೆಗೆ ಕ್ರಿಮಿ ಸೋಕೇ ಇಲ್ಲ ಅನ್ನುತ್ತೆ. ಆದ್ರೆ ಕ್ರಿಮಿಯ ಚೂರು ತೋರಿಸಿದ್ರೆ ಅವು ಗುರುತು ಹಿಡೀತವೆ! ಬೇರೇನೋ ಹೇಳ್ತವೆ. ಏನು ಹೇಳ್ತವೆ ಅಂತ ಗೊತ್ತಾದ್ರೆ ಅದನ್ನೇ ಲಸಿಕೆಯಿಂದ ಎಲ್ಲರಿಗೂ ಕಲಿಸಬಹುದೇನೋ.’

‘ನಿಮ್ಮಮ್ಮ ಯಾವಾಗ ಕೂಗಿದ್ದಾಳೆ? ಕಣ್ಣಲ್ಲೇ ಹೆದರಿಸೋಳು,’ ಅಂದೆ. ಇಬ್ಬರೂ ನಕ್ಕೆವು. ಅದಾಗಿ ಸ್ವಲ್ಪ ದಿನಕ್ಕೆ ಅಕ್ಕ ಎದೆನೋವು ಅಂತ ಕೂತವಳು ಏಳಲಿಲ್ಲ.

ಕಾರ್ಯದರ್ಶಿಗಳೇ, ಯೋಜನೆಯ ಅವಧಿ ಮುಗಿಯಿತು ಎಂದು ತಾವು ನೈಟ್ರೋಜನ್ ಟ್ಯಾಂಕರು ನಿಲ್ಲಿಸಿದ್ದು ಆಮೇಲೆ. ನಾನು ಇದ್ದದ್ದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು:

‘ಫೈಲು ಮೇಲಿದೆ.’

‘ಮೇಲೆ ಅಂದ್ರೆ ಎಲ್ಲಿ ಸ್ವಾಮಿ?’

‘ಮೇಲೆ ಅಂದ್ರೆ ಮೇಲೆ ಕಣ್ರೀ. ಅಷ್ಟು ಅವಸರ ಇದ್ರೆ ಬೇರೆಯವರ ರಕ್ತ ತಗೊಳ್ಳಿ. ಎಲ್ಲರದೂ ಕೆಂಪೇ ತಾನೇ?’

ಎಂಥ ಸಮಾನತೆ! ಆದರೆ ಸತ್ತವಳ ತೋಳಿಗೆ ಮತ್ತೆ ಸೂಜಿ ಹಾಕುವುದು ಹೇಗೆ ಎಂದು ತಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸುತ್ತದೆಯೇ? ಅವಧಿ ಮುಗಿದದ್ದು ಯೋಜನೆಗೋ, ಕ್ಷಯಕ್ಕೋ? ಆ ಆದೇಶದ ಒಂದು ಪ್ರತಿಯನ್ನು ಕ್ರಿಮಿಗೂ ಕಳಿಸಿದ್ದೀರಾ?

ಟ್ಯಾಂಕಿನ ತಳ ಕಾಣಿಸಿದ ದಿನ ಅಕ್ಕನ ಮಗಳು ಫೋನಿನಲ್ಲಿ ಅತ್ತಳು. ನಾನು ಕ್ಯಾನನ್ನು ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ಹೋದೆ. ಅಷ್ಟೂ ಜನರ ಸೀಸೆಗಳಿಗೆ ನನ್ನ ಕ್ಯಾನಿನಲ್ಲಿ ಜಾಗ ಎಲ್ಲಿ? ಅಕ್ಕನ ಹದಿನಾರು ಸೀಸೆಗಳನ್ನು ಮಾತ್ರ ಇಳಿಸಿಕೊಂಡೆ. ಉಳಿದವು ಅಲ್ಲೇ ಕರಗಿದವು. ಆ ಪಾಪದ ಲೆಕ್ಕ ತಮ್ಮದು. ಅನುಮತಿ ಇಲ್ಲದೆ ಸೀಸೆ ಹೊರಗೆ ಹೋದದ್ದು ಅಪರಾಧವಾದರೆ, ಕದ್ದವನು ಸೋದರಮಾವ ಎಂದು ಬರೆದುಕೊಳ್ಳಿ. ಹುಡುಗಿಯನ್ನು ಮುಟ್ಟಬೇಡಿ.

ದಿನಾ ಬೆಳಿಗ್ಗೆ ಕ್ಯಾನಿಗೆ ಮರದ ಕೋಲು ಇಳಿಸಿ ತೆಗೆಯುತ್ತೇನೆ. ನೈಟ್ರೋಜನ್ ಎಷ್ಟಿದೆಯೋ ಅಷ್ಟೆತ್ತರಕ್ಕೆ ಬಿಳಿ ಹಿಮ ಹಿಡಿಯುತ್ತದೆ. ಇವತ್ತು ನಾಲ್ಕು ಬೆರಳು. ಹಾಲಿನ ಸಂಘದ ಅಧ್ಯಕ್ಷರಿಗೂ ಸುದ್ದಿ ಮುಟ್ಟಿದೆ. ‘ಹಸುಗಳಿಗೆ ಅಂತ ಬರೋ ನೈಟ್ರೋಜನ್‌ನಲ್ಲಿ ನಿಮ್ಮಕ್ಕನ್ನ ಇಟ್ಕೊಂಡಿದ್ದೀಯಂತೆ? ಇನ್ನು ಒಂದು ತೊಟ್ಟೂ ಕೊಡಲ್ಲ,’ ಅಂದರು. ನಾನು ಕಾಲು ಹಿಡಿದೆ. ಹೌದು, ಯಾರಿಗೂ ತಲೆಬಾಗದ ನಾನೇ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಸಮಿತಿ ಬೇಡ, ನನಗೆ ಶಾಲು ಹೊದಿಸುವುದೂ ಬೇಡ. ಆ ಫೈಲನ್ನು ಇಳಿಸಿ ಸಹಿ ಹಾಕಿ. ನಾಳೆಯೇ ಟ್ಯಾಂಕರು ಕಳಿಸಿ.

ನಾಳೆಯೇ ಯಾಕೆ ಅಂದರೆ, ಅಕ್ಕನ ಮಗಳ ಮುಖ ನೋಡಿ ಹೇಳಲಾಗದ್ದನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ. ‘ನೈಟ್ರೋಜನ್ ತುಂಬ ಹಾಕಿದ್ದೀಯಾ ಮಾವ?’ ಅಂತ ಅವಳು ಅವತ್ತು ಕೇಳಿದ್ದಳು. ‘ಬಾಯಿತನಕ!’ ಅಂದಿದ್ದೆ. ಹಾಕಿದ್ದು ಅರ್ಧ. ವೀರ್ಯದ ಕಡ್ಡಿಗಳು ತಳದಲ್ಲೇ ನಿಲ್ಲುತ್ತವೆ, ಅವಕ್ಕೆ ಅರ್ಧ ಸಾಕು. ಕೈಗೆ ಅದೇ ರೂಢಿ. ಅಕ್ಕನ ಸೀಸೆಗಳು ಒಂದರ ಮೇಲೊಂದು ಕೂತು ಕ್ಯಾನಿನ ಕುತ್ತಿಗೆಗೆ ಬಂದಿದ್ದವು. ಮನೆಗೆ ಬಂದು ಮೇಲಿನ ಸೀಸೆ ಓರೆ ಮಾಡಿದೆ. ಒಳಗೆ ನೀರಿನಂತೆ ಹರಿಯಿತು. ಎರಡು ಹಾಳಾದವು ಅಂತ ಅವಳಿಗೆ ಹೇಳಿದ್ದೇನೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು.

ಎರಡಲ್ಲ ಸ್ವಾಮಿ. ಒಂಬತ್ತು. ಉಳಿದ ಏಳನ್ನು ದಯವಿಟ್ಟು ನನ್ನ ಕೈಯಿಂದ ತೆಗೆದುಕೊಳ್ಳಿ.

ಇಂತಿ,
ಅಕ್ಕನನ್ನು ಕಾಯಲು ಹೊರಟಿದ್ದ
ಒಬ್ಬ ತಮ್ಮ